ಓಟ ಸಪ್ಪಗಾದರೆ ತಪ್ಪು ಯಾರದು?

2024ರ ಮೇ 26ರಂದು ಮೊನಾಕೊದಲ್ಲಿ ನಡೆದ ಫಾರ್ಮುಲಾ ಒನ್ ಓಟದಲ್ಲಿ ಮೊದಲ ಹತ್ತು ಸ್ಥಾನಗಳಿಂದ ಹೊರಟವರು ಅದೇ ಹತ್ತು ಸ್ಥಾನಗಳಲ್ಲಿ, ಅದೇ ಕ್ರಮದಲ್ಲಿ ಗುರಿ ಮುಟ್ಟಿದರು. 1950ರಿಂದ ನಡೆದುಬಂದ ಚಾಂಪಿಯನ್‌ಷಿಪ್ ಇದು. ಅಷ್ಟು ವರ್ಷಗಳಲ್ಲಿ ಹಾಗೆ ಆಗಿದ್ದು ಅದೇ ಮೊದಲು. ಆರನೆಯವನಾಗಿ ಓಡುತ್ತಿದ್ದ ಮ್ಯಾಕ್ಸ್ ವೆರ್ಸ್ಟಾಪನ್ ನಡುವೆಯೇ ತಂಡದವರಿಗೆ ರೇಡಿಯೊದಲ್ಲಿ, ಬೇಜಾರು ಬಂತು, ಬರುವಾಗ ತಲೆದಿಂಬು ತರಬೇಕಿತ್ತು ಎಂದ. ಓಡಿಸುವವನಿಗೇ ನಿದ್ದೆ ಬರುವ ಓಟ ನೋಡುವವರಿಗೆ ಹೇಗಿದ್ದೀತು?

ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಓಟ ನಮ್ಮ ಅಣ್ಣಿಗೇರಿಯಲ್ಲಿ ಭಾನುವಾರ ಸಂಜೆ ಆರೂವರೆಗೆ ಮೊಬೈಲಿಗೆ ಬರುತ್ತದೆ. ಊರಿನಲ್ಲಿ ಇದನ್ನು ನೋಡುವವರು ಬಹಳ ಮಂದಿಯಲ್ಲ. ಹುಬ್ಬಳ್ಳಿಯ ಕಾಲೇಜಿಗೆ ದಿನಾ ಹೋಗಿಬರುವ ಕೆಲವು ಹುಡುಗರು, ಟ್ರ್ಯಾಕ್ಟರ್ ರಿಪೇರಿ ಮಾಡುವ ಇಬ್ಬರು ಮೂವರು, ನೆಟ್‌ಫ್ಲಿಕ್ಸ್‌ನಲ್ಲಿ ಈ ಓಟದ ಸರಣಿ ನೋಡಿ ಗೀಳು ಹತ್ತಿಸಿಕೊಂಡವರು. ಆದರೆ ನೋಡುವವರು ಮನಸ್ಸಿಟ್ಟು ನೋಡುತ್ತಾರೆ, ಸೋಮವಾರ ಚಾದಂಗಡಿಯ ಬಾಕಿನ ಮೇಲೆ ಕೂತು ಅಷ್ಟೇ ಮನಸ್ಸಿಟ್ಟು ಜಗಳಾಡುತ್ತಾರೆ. ಆ ಸೋಮವಾರ ಕೇಳಿದ್ದು ಮೂರು ಬಗೆಯ ಮಾತು. ಒಬ್ಬನ ಪ್ರಕಾರ ತಪ್ಪು ಡ್ರೈವರುಗಳದು: "ಧೈರ್ಯನ ಇಲ್ಲಣ್ಣಾ ಇವರಿಗೆ, ತೇರಿನ ಹಿಂದ ಹೊಂಟಂಗ ಹೊಂಟಾರ." ಮೆಕ್ಯಾನಿಕ್‌ನ ಮಾತು ಬೇರೆ: "ಗಾಡಿ ನೋಡೋ ತಮ್ಮಾ, ಎಷ್ಟ ಅಗಲ ಐತಿ. ಆ ಓಣ್ಯಾಗ ಎರಡು ಹೆಂಗ ಹಿಡಸ್ತಾವು?" ಮೂರನೆಯದು ಬಾಯಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಟ್ಟ ಹಿರಿಯರೊಬ್ಬರದು. ಅವರು ಎತ್ತು ಕಟ್ಟಿದವರು, ಗಾಡಾ ಓಡಿಸಿದವರು. ಹುಡುಗರ ಮೊಬೈಲಿನಲ್ಲಿ ಸ್ವಲ್ಪ ಹೊತ್ತು ಬಗ್ಗಿ ನೋಡಿ ಅವರು ಅಂದದ್ದು ಇಷ್ಟೇ: "ಕಣ ಸರಿ ಇಲ್ಲ."

ನನ್ನ ಅಭಿಪ್ರಾಯವೂ ಬಹುಮಟ್ಟಿಗೆ ಅದೇ. ಓಟ ಸಪ್ಪಗಾದಾಗ ಮೊದಲು ಬೈಗುಳ ತಿನ್ನುವವನು ಡ್ರೈವರ್. ಕೊನೆಗೆ ತಿನ್ನಬೇಕಾದವನು ಅವನು. ಮೊದಲು ಕೇಳಬೇಕಾದದ್ದು ಆ ನೆಲ ಅವನಿಗೆ ಏನು ಅವಕಾಶ ಕೊಟ್ಟಿತು, ನಿಯಮ ಅವನಿಂದ ಏನು ಮಾಡಿಸಿತು ಎಂಬುದನ್ನು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆಯ ಖಾಲಿ ಗಾಡಾ ಓಟ ನೋಡಿ ಬೆಳೆದವರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಾಗುವ ಸಂಗತಿ.

ಖಾಲಿ ಗಾಡಾ ಓಟ ಅಂದರೆ ಹೇರು ಇಲ್ಲದ ಗಾಡಿಗೆ ಜೋಡೆತ್ತು ಹೂಡಿ ಓಡಿಸುವುದು. ಜಾತ್ರೆಗೋ, ಹಬ್ಬಕ್ಕೋ, ಹೊಲದ ಕೆಲಸ ಬಿಡುವಾದ ದಿನಗಳಲ್ಲೋ ಊರವರು ಸೇರಿ ಏರ್ಪಡಿಸುತ್ತಾರೆ. ಬಹಳ ಕಡೆ ಲೆಕ್ಕ ಸರಳ: ಒಂದು ನಿಮಿಷದ ಗಡುವು. ಆ ಒಂದು ನಿಮಿಷದಲ್ಲಿ ಯಾರ ಗಾಡಾ ಎಷ್ಟು ಅಡಿ ಓಡಿತೋ ಅದೇ ಫಲಿತಾಂಶ. ಒಂದು ಸಲಕ್ಕೆ ಒಂದೇ ಜೋಡಿ ಕಣಕ್ಕಿಳಿಯುತ್ತದೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಅಂದರೆ ಹಿಂದಿಕ್ಕುವುದು ಎಂಬುದೇ ಈ ಆಟದಲ್ಲಿ ಇಲ್ಲ. ಹಾಗಿದ್ದೂ ಬೆಳಗಿನಿಂದ ಸಂಜೆತನಕ ಜನ ಬಿಸಿಲಲ್ಲಿ ನಿಂತು ನೋಡುತ್ತಾರೆ, ಒಬ್ಬರೂ ಬೇಜಾರು ಅಂದದ್ದು ನಾನು ಕೇಳಿಲ್ಲ.

ಯಾಕೆ ಎಂದು ಹತ್ತಿರದಿಂದ ನೋಡಬೇಕು. ಓಟಕ್ಕೆ ಮೊದಲು ಎರೆ ಹೊಲದಲ್ಲಿ ಪಟ್ಟಿ ಹಸನು ಮಾಡುತ್ತಾರೆ. ಹೆಂಟೆ ಒಡೆದು, ಕಲ್ಲು ಆರಿಸಿ, ತಗ್ಗು ಇದ್ದಲ್ಲಿ ಮಣ್ಣು ತುಂಬಿ ಸಮ ಮಾಡುತ್ತಾರೆ. ಎತ್ತಿನ ಗೊರಸು ಜಾರಬಾರದು, ಹುಗಿಯಲೂಬಾರದು. ಆ ಹದ ತಿಳಿದವರು ಊರಿಗೆ ಇಬ್ಬರು ಮೂವರು ಇರುತ್ತಾರೆ, ಅವರ ಮಾತೇ ಕೊನೆಯದು. ಸೀಟಿ ಊದಿದ ಮೇಲೆ ಎತ್ತು ಮೊದಲ ಹೆಜ್ಜೆಯಲ್ಲೇ ಮೈ ಎಳೆಯುತ್ತದೆ, ನೊಗ ಗಕ್ಕನೆ ಏಳುತ್ತದೆ, ಗಾಲಿ ಒಮ್ಮೆ ಜಿಗಿಯುತ್ತದೆ. ಅಲ್ಲಿಂದ ಎಲ್ಲವೂ ಓಡಿಸುವವನ ಕೈಯಲ್ಲಿ. ಬಲಗಡೆಯ ಎತ್ತು ಬಿರುಸಾದರೆ ಗಾಡಾ ಎಡಕ್ಕೆ ಓರೆಯಾಗುತ್ತದೆ. ಓರೆ ಓಡಿದಷ್ಟೂ ಅಡಿ ಕಳೆದುಹೋಗುತ್ತದೆ. ಹಗ್ಗ ಬಿಗಿ ಹಿಡಿದರೆ ಓಟದ ಬಿರುಸು ಹೋಗುತ್ತದೆ, ಸಡಿಲ ಬಿಟ್ಟರೆ ದಾರಿ ಹೋಗುತ್ತದೆ. ಇದೆಲ್ಲ ಬದಿಯಲ್ಲಿ ನಿಂತವನಿಗೆ ಬರಿಗಣ್ಣಿಗೆ ಕಾಣುತ್ತದೆ. ನಿಮಿಷ ಮುಗಿದು ಟೇಪು ಹಿಡಿದವರು ಅಡಿ, ಇಂಚು ಕೂಗಿ ಹೇಳಿದಾಗ ಆ ಲೆಕ್ಕ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ನೋಡಿದವನಿಗೂ ಗೊತ್ತಿರುತ್ತದೆ.

ಅಲ್ಲಿ ಯಾವ ಎತ್ತೂ ಶಕ್ತಿ ಉಳಿಸಿಕೊಂಡು ಓಡುವುದಿಲ್ಲ. ಇದ್ದದ್ದನ್ನೆಲ್ಲ ಆ ಒಂದು ನಿಮಿಷಕ್ಕೆ ಸುರಿಯಬೇಕು. ಇದೇ ಮುಖ್ಯ. ಓಟ ರುಚಿಸುವುದು ಒಬ್ಬರನ್ನೊಬ್ಬರು ದಾಟುವುದರಿಂದ ಮಾತ್ರವಲ್ಲ, ಕೈಲಾದದ್ದನ್ನೆಲ್ಲ ಸುರಿದು ಓಡುವುದು ನಮ್ಮ ಕಣ್ಣಿಗೆ ಬಿದ್ದಾಗ.

ಈಗ ಮತ್ತೆ ಮೊನಾಕೊಗೆ ಬರೋಣ. 1929ರಿಂದ ಓಟ ನಡೆಯುತ್ತಿರುವ ಆ ಊರಿನ ಬೀದಿ ಒಂದು ಸುತ್ತಿಗೆ 3.337 ಕಿಲೋಮೀಟರು. ಎರಡೂ ಬದಿ ಉಕ್ಕಿನ ತಡೆ, ಮೇಲೆ ಮನೆ, ಕೆಳಗೆ ಸಮುದ್ರ. 2024ರ ಓಟದಲ್ಲಿ ಮೊದಲ ಸುತ್ತಿನಲ್ಲೇ ದೊಡ್ಡ ಅಪಘಾತವಾಗಿ ಕೆಂಪು ಬಾವುಟ ತೋರಿಸಿದರು. ಓಟ ನಿಂತಾಗ ಟೈರು ಬದಲಿಸಬಹುದು ಎಂಬುದು ನಿಯಮ. ಓಟದಲ್ಲಿ ಒಮ್ಮೆ ಟೈರಿನ ಬಗೆ ಬದಲಿಸಲೇಬೇಕು ಎಂಬ ಇನ್ನೊಂದು ನಿಯಮವನ್ನೂ ಎಲ್ಲರೂ ಆಗಲೇ ತೀರಿಸಿಕೊಂಡರು. ಉಳಿದದ್ದು 70ಕ್ಕೂ ಹೆಚ್ಚು ಸುತ್ತು, ಮುಂದಿದ್ದವರಿಗೆಲ್ಲ ಅದೇ ಟೈರಿನಲ್ಲಿ. ಮುಂದಿದ್ದ ಷಾರ್ಲ್ ಲೆಕ್ಲರ್ ಏನು ಮಾಡಬೇಕಿತ್ತು? ಟೈರು ಕೊನೆತನಕ ಬಾಳಬೇಕಾದರೆ ಮೆಲ್ಲಗೆ ಹೋಗಬೇಕು. ಮೆಲ್ಲಗೆ ಹೋದರೂ ಹಿಂದಿನವನು ದಾಟಲಾರ, ದಾರಿಯೇ ಇಲ್ಲ. ಅವನು ಮೆಲ್ಲಗೆ ಹೋದ, ಎಲ್ಲರೂ ಅವನ ಹಿಂದೆ ಮೆಲ್ಲಗೆ ಹೋದರು. ಅದು ಅವನ ಹುಟ್ಟೂರು, 1931ರಲ್ಲಿ ಲೂಯಿ ಷಿರೋನ್ ಗೆದ್ದ ಮೇಲೆ ಮೊನಾಕೊದವನೊಬ್ಬ ಅಲ್ಲಿ ಗೆದ್ದದ್ದು ಅಂದೇ. ಗೆಲುವಿನ ಕಣ್ಣೀರು ನಿಜವಾದದ್ದು, ಅವನನ್ನು ನಾನು ದೂರಲಾರೆ. ಆದರೆ ಮೆಲ್ಲಗೆ ಹೋದವನು ಗೆಲ್ಲುವ ಹಾಗೆ ಕಣ ಮತ್ತು ಕಾಯಿದೆ ಎರಡೂ ಸೇರಿಕೊಂಡರೆ ಅದನ್ನು ಓಟ ಎಂದು ಕರೆಯುವುದು ಕಷ್ಟ.

ಹಿಂದಿನ ದಿನ, ಶನಿವಾರ, ಅದೇ ಬೀದಿ ಬೇರೆಯೇ ಆಗಿತ್ತು. ಅರ್ಹತಾ ಸುತ್ತಿನಲ್ಲಿ ಪ್ರತಿಯೊಬ್ಬನೂ ಗಡಿಯಾರದ ಎದುರು ಓಡಬೇಕು. ಗಾಡಿ ತಡೆಗೆ ಬೆರಳಗಲ ಹತ್ತಿರ ಸವರಿಕೊಂಡು ಹೋಗುತ್ತದೆ, ಸುರಂಗದ ಕತ್ತಲೆಯಿಂದ ಬಿಸಿಲಿಗೆ ಬಂದ ಕೂಡಲೇ ಬ್ರೇಕ್ ತುಳಿಯಬೇಕು, ಈಜುಕೊಳದ ಬಳಿಯ ತಿರುವಿನಲ್ಲಿ ಚಕ್ರ ಒಂದಿಷ್ಟು ಒಳಗೆ ಬಂದರೂ ಗೋಡೆ. ವರ್ಷದ ಎಲ್ಲ ಶನಿವಾರಗಳಲ್ಲಿ ಮೊನಾಕೊದ ಶನಿವಾರವೇ ಮೇಲು ಎಂದು ಓಟ ಬಲ್ಲವರು ಒಪ್ಪುತ್ತಾರೆ. ಅಲ್ಲಿಯೂ ಹಿಂದಿಕ್ಕುವುದು ಇಲ್ಲವಲ್ಲ! ಅದು ನಮ್ಮ ಗಾಡಾ ಓಟದ ಪದ್ಧತಿಯೇ. ಶನಿವಾರ ಗಾಡಾ ಓಟ, ಭಾನುವಾರ ತೇರು.

ದಾಟದಿದ್ದರೂ ಭಾನುವಾರವೇ ಮೈ ಜುಮ್ಮೆನಿಸಿದ ಉದಾಹರಣೆ ಬೇಕೆಂದರೆ 1992ರ ಮೇ 31 ಇದೆ. ಆ ವರ್ಷದ ಮೊದಲ ಐದೂ ಓಟ ಗೆದ್ದಿದ್ದ ನೈಜೆಲ್ ಮ್ಯಾನ್ಸೆಲ್ ಮೊನಾಕೊದಲ್ಲೂ ಮುಂದಿದ್ದ. ಕೊನೆಯ ಕೆಲವೇ ಸುತ್ತು ಉಳಿದಾಗ ಚಕ್ರ ಸಡಿಲವಾದಂತೆ ಅನಿಸಿ ಒಳಗೆ ಬಂದ, ಆಯರ್ಟನ್ ಸೆನ್ನಾ ಮುಂದೆ ಹೋದ. ಹೊಸ ಟೈರಿನ ಮ್ಯಾನ್ಸೆಲ್ ಸೆನ್ನಾನ ಬೆನ್ನು ಹಿಡಿದ, ಎಡಕ್ಕೆ ಹಣಕಿದ, ಬಲಕ್ಕೆ ಹಣಕಿದ, ದಾರಿ ಸಿಗಲಿಲ್ಲ. ಅಂತರ ಒಂದು ಸೆಕೆಂಡಿನ ಕಾಲು ಭಾಗದೊಳಗೆ ಉಳಿಯಿತು. ಒಂದು ಸಲವೂ ದಾಟಲಿಲ್ಲ, ಆದರೂ ಆ ಕೊನೆಯ ಸುತ್ತುಗಳನ್ನು ಜನ ಇಂದಿಗೂ ಹುಡುಕಿ ನೋಡುತ್ತಾರೆ. ಯಾಕೆಂದರೆ ಇಬ್ಬರೂ ಏನನ್ನೂ ಉಳಿಸಿಕೊಳ್ಳದೆ ಓಡುತ್ತಿದ್ದರು.

2024ರ ಬೈಗುಳ ಕೇಳಿ ಆಡಳಿತದವರು 2025ರಲ್ಲಿ ಮೊನಾಕೊಗೆ ಮಾತ್ರ ಹೊಸ ನಿಯಮ ತಂದರು: ಎಲ್ಲರೂ ಎರಡು ಸಲ ಟೈರು ಬದಲಿಸಲೇಬೇಕು. ಕಣ ಸರಿ ಮಾಡದೆ ಕಾಯಿದೆ ಮಾತ್ರ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಆ ದಿನ ಒಳ್ಳೆಯ ಪಾಠ. ರೇಸಿಂಗ್ ಬುಲ್ಸ್ ಮತ್ತು ವಿಲಿಯಮ್ಸ್ ತಂಡಗಳು ತಮ್ಮ ಒಬ್ಬ ಡ್ರೈವರನ್ನು ಬೇಕೆಂದೇ ನಿಧಾನ ಓಡಿಸಿ ಹಿಂದಿನವರನ್ನೆಲ್ಲ ತಡೆದವು. ಅಷ್ಟರಲ್ಲಿ ಅದೇ ತಂಡದ ಇನ್ನೊಬ್ಬ ನಿರಾಳವಾಗಿ ಒಳಗೆ ಹೋಗಿ ಟೈರು ಬದಲಿಸಿ ಬಂದ. ಹಿಂದೆ ಸಿಕ್ಕಿಬಿದ್ದ ಜಾರ್ಜ್ ರಸೆಲ್ ತಾಳ್ಮೆಗೆಟ್ಟು ತಿರುವನ್ನೇ ಕತ್ತರಿಸಿ ಮುಂದೆ ಹೋಗಿ ದಂಡ ತೆತ್ತ. ಲ್ಯಾಂಡೊ ನಾರಿಸ್ ಚಂದಾಗಿ ಗೆದ್ದ, ಅದು ನಿಜ. ಆದರೆ ಓಡುವುದನ್ನು ಬಿಟ್ಟು ಅಡ್ಡ ನಿಲ್ಲುವುದನ್ನೇ ಉಪಾಯ ಮಾಡಿಕೊಳ್ಳುವಂತೆ ಆ ಬೀದಿ ತಂಡಗಳಿಗೆ ಕಲಿಸಿತು.

ಅದೇ ವಾರ ಅದೇ ಬೀದಿಯಲ್ಲಿ ಕನ್ನಡ ನಾಡಿನವರಿಗೆ ಸಂತೋಷದ ಸಂಗತಿಯೂ ನಡೆಯಿತು. ಬೆಂಗಳೂರಿನ ಕುಶ್ ಮೈನಿ 2025ರ ಮೇ 24ರ ಶನಿವಾರ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ಓಟ ಗೆದ್ದ. ಅಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ ಅವನು. ಸ್ಪ್ರಿಂಟ್ ಓಟದಲ್ಲಿ ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುತ್ತಾರೆ, ಹತ್ತನೆಯವನು ಮುಂಚೂಣಿಗೆ ಬರುತ್ತಾನೆ. ಕುಶ್ ಮುಂಚೂಣಿಯಿಂದ ಹೊರಟು ಕೊನೆತನಕ ಮುಂದೆಯೇ ಇದ್ದ. ಮೊನಾಕೊದಲ್ಲಿ ಮುಂದಿದ್ದವನು ಗೆಲ್ಲುವುದೇನು ದೊಡ್ಡದು ಎಂದು ಯಾರಾದರೂ ಅಂದರೆ ಅವರಿಗೆ ನನ್ನ ಉತ್ತರ ಇದೆ. ಗೋಡೆಗಳ ನಡುವೆ ಒಂದು ಸುತ್ತಿನಲ್ಲೂ ಕೈ ತಪ್ಪದಂತೆ, ಬೆನ್ನ ಹಿಂದೆ ಒಬ್ಬ ಕಾದು ಕೂತಿರುವಾಗ ಓಡಿಸುವುದು ಸಣ್ಣ ಮಾತಲ್ಲ. ಓಟ ಸಪ್ಪಗಿದೆ ಎಂಬುದಕ್ಕೂ ಓಡಿಸುವುದು ಸುಲಭ ಎಂಬುದಕ್ಕೂ ಸಂಬಂಧವೇ ಇಲ್ಲ. ನಮ್ಮ ಅಭಿಮಾನಿಗಳು ಬಹಳ ಸಲ ಮರೆಯುವುದು ಇದನ್ನೇ.

ನಮ್ಮ ದೇಶದ ಕಣದ ವಿಷಯ ಮಾತಾಡದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ದೆಹಲಿ ಹತ್ತಿರ ಗ್ರೇಟರ್ ನೊಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್‌ನಲ್ಲಿ 2011ರ ಅಕ್ಟೋಬರ್ 30ರಂದು ಮೊದಲ ಇಂಡಿಯನ್ ಗ್ರ್ಯಾನ್ ಪ್ರಿ ನಡೆಯಿತು. ಗುರಿ ಮುಟ್ಟಿದವರಿಗೆ ಚೌಕಳಿ ಬಾವುಟ ಬೀಸಿದವರು ಸಚಿನ್ ತೆಂಡೂಲ್ಕರ್. ಕರ್ನಾಟಕದ ಅಭಿಮಾನಿಗಳಿಗೆ ಇನ್ನೊಂದು ಕಾರಣಕ್ಕೂ ಅದು ತಮ್ಮ ಓಟ ಆಗಿತ್ತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2008ರಿಂದ ಕಣದಲ್ಲಿತ್ತು, 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾಂಕಾರ್ಲೊ ಫಿಸಿಕೆಲ್ಲಾ ಆ ತಂಡಕ್ಕೆ ಮುಂಚೂಣಿ ಸ್ಥಾನ ಗಳಿಸಿ ಎರಡನೆಯವನಾಗಿ ಗುರಿ ಮುಟ್ಟಿದ್ದ. ಆ ತಂಡ 2018ರಲ್ಲಿ ಕೈಬದಲಾಯಿತು.

ಬುದ್ಧ ಸರ್ಕ್ಯೂಟ್ ರೂಪಿಸಿದವನು ಜರ್ಮನಿಯ ಹರ್ಮನ್ ಟಿಲ್ಕೆ. ಸೆಪಾಂಗ್, ಬಹರೇನ್, ಶಾಂಘೈ, ಇಸ್ತಾಂಬುಲ್, ಅಬುಧಾಬಿ ಇವೂ ಅವನ ಕೈಯವೇ. ಅಭಿಮಾನಿಗಳ ಬಾಯಲ್ಲಿ ಅವನ ಹೆಸರು ಬೈಗುಳವೇ ಆಗಿಹೋಗಿದೆ: ಎಲ್ಲ ಒಂದೇ ಅಚ್ಚು, ಉದ್ದನೆಯ ನೇರ ದಾರಿ, ಕೊನೆಗೊಂದು ಗಿಡ್ಡ ತಿರುವು. ಅಬುಧಾಬಿಯ ವಿಷಯದಲ್ಲಿ ಆ ದೂರು ಸರಿಯಾಗಿತ್ತು. 2010ರ ಕೊನೆಯ ಓಟದಲ್ಲಿ ಫರ್ನಾಂಡೊ ಅಲೊನ್ಸೊ ರಷ್ಯದ ಪೆಟ್ರೊವ್‌ನ ಹಿಂದೆ ಸಿಕ್ಕಿಬಿದ್ದು ಚಾಂಪಿಯನ್ ಪಟ್ಟವನ್ನೇ ಕಳೆದುಕೊಂಡ. 2021ರಲ್ಲಿ ಆ ಕಣದ ತಿರುವುಗಳನ್ನು ಕಿತ್ತು ಹೊಸದಾಗಿ ಹಾಕಬೇಕಾಯಿತು. ಆದರೆ ಬುದ್ಧ ಸರ್ಕ್ಯೂಟ್ ಕೆಟ್ಟ ಕಣವಲ್ಲ. ಒಂದು ಸುತ್ತು 5.125 ಕಿಲೋಮೀಟರು. ಮೂರನೆಯ ತಿರುವಿಗೆ ಏರಿ ಹೋಗುವ ಜಾಗವನ್ನು ಬೇಕೆಂದೇ ಅಗಲ ಮಾಡಿದ್ದರು. ಒಳಗಿನಿಂದಲೂ ತಿರುಗಬಹುದು, ಹೊರಗಿನಿಂದಲೂ ತಿರುಗಬಹುದು. ಅದಾದ ಮೇಲೆ ಒಂದು ಕಿಲೋಮೀಟರಿಗೂ ಮಿಕ್ಕ ನೇರ ದಾರಿ. ಮೂರನೆಯ ತಿರುವಿನಲ್ಲಿ ಮುಂದಿನವನು ಸ್ವಲ್ಪ ಎಡವಿದರೂ ಹಿಂದಿನವನಿಗೆ ಇಡೀ ಕಿಲೋಮೀಟರು ಅವಕಾಶ. ಕಣ ಕಟ್ಟುವವನು ಮಾಡಬೇಕಾದದ್ದೇ ಇದು: ಎರಡು ದಾರಿ ಕೊಟ್ಟು ಆರಿಸಿಕೊ ಎನ್ನುವುದು. ಓಡಿಸಿದ ಡ್ರೈವರುಗಳೂ ಅದನ್ನು ಮೆಚ್ಚಿಕೊಂಡರು.

ಹಾಗಿದ್ದೂ ಮೊದಲ ಓಟ ಮುಂಚೂಣಿಯಲ್ಲಿ ಸಪ್ಪಗೇ ಹೋಯಿತು. ಸೆಬಾಸ್ಟಿಯನ್ ವೆಟಲ್ ಮುಂದೆ ಹೊರಟ, ಅರವತ್ತು ಸುತ್ತೂ ಮುಂದಿದ್ದ, ಅತಿ ವೇಗದ ಸುತ್ತೂ ಅವನದೇ ಆಯಿತು. 2012ರಲ್ಲಿಯೂ ಎಲ್ಲ ಸುತ್ತು ಅವನೇ ಮುಂದೆ. ಕಾರಣ ಎರಡು. ಒಂದು, ಧೂಳು. ಹೊಸ ಕಣ, ವರ್ಷದಲ್ಲಿ ಹೆಚ್ಚು ಗಾಡಿ ಓಡಿರದ ಕಣ. ಎಲ್ಲರೂ ಓಡುವ ಒಂದೇ ಗೆರೆ ಸ್ವಚ್ಛ, ಪಕ್ಕಕ್ಕೆ ಸರಿದರೆ ಟೈರು ಜಾರುತ್ತದೆ. ಅಗಲ ಎಷ್ಟಿದ್ದರೇನು, ಓಡಲಿಕ್ಕೆ ಬರುವುದು ಒಂದು ಗಾಡಿಯ ಅಗಲ ಮಾತ್ರ. ನಮ್ಮ ಕಡೆ ಓಟಕ್ಕೆ ಮೊದಲು ಪಟ್ಟಿಯನ್ನು ಅಂಚಿನಿಂದ ಅಂಚಿಗೆ ಹಸನು ಮಾಡುವುದು ಸುಮ್ಮನೆ ಅಲ್ಲ. ಎರಡನೆಯದು, ಆ ಕಾಲದ ರೆಡ್ ಬುಲ್ ಗಾಡಿ ಉಳಿದವಕ್ಕಿಂತ ಅಷ್ಟು ಮೇಲಿತ್ತು.

ಇಲ್ಲಿ ಅಭಿಮಾನಿಗಳ ಇನ್ನೊಂದು ದೊಡ್ಡ ತಪ್ಪನ್ನು ಹೇಳಲೇಬೇಕು. 2013ರಲ್ಲಿ ವೆಟಲ್ ಗೆದ್ದಾಗ ಮಾಂಟ್ರಿಯಲ್, ಮೊಂಜಾ, ಸಿಂಗಪುರಗಳಲ್ಲಿ ಜನ ಅವನಿಗೆ ಕೂಗಿ ಅವಮಾನ ಮಾಡಿದರು. ತಪ್ಪೇನು? ಮೇಲಿಂದ ಮೇಲೆ ಗೆದ್ದದ್ದು. ಹತ್ತು ವರ್ಷದ ಮೇಲೆ, 2023ರ 22 ಓಟಗಳಲ್ಲಿ 19 ಗೆದ್ದ ವೆರ್ಸ್ಟಾಪನ್‌ಗೂ ಅದೇ ಮಾತು: ಇವನಿಂದ ಆಟ ಸಪ್ಪಗಾಯಿತು. ಗಾಡಾ ಕಣದಲ್ಲಿ ನಾಲ್ಕು ಊರಿನ ಬಹುಮಾನ ಹೊಡೆದ ಜೋಡಿ ಐದನೆಯ ಊರಿಗೆ ಬಂದರೆ ಯಾರೂ ಕೂಗಿ ಓಡಿಸುವುದಿಲ್ಲ. ಜನ ಹತ್ತಿರ ಹೋಗಿ ಎತ್ತಿನ ಭುಜ ಸವರುತ್ತಾರೆ, ಗೊರಸು ನೋಡುತ್ತಾರೆ, "ಏನ್ ಹಾಕ್ತೀರಿ ಕಾಕಾ, ಶೇಂಗಾ ಹಿಂಡಿನೋ, ಹುರಳಿನೋ?" ಎಂದು ಕೇಳುತ್ತಾರೆ. ಹೋಗಿ ತಮ್ಮ ಎತ್ತಿಗೂ ಹಾಕುತ್ತಾರೆ. ಮೇಲಿನವನನ್ನು ನೋಡಿ ಕಲಿಯುವುದು ಪ್ರೇಕ್ಷಕನ ದೊಡ್ಡತನ. 2013ರ ಅಕ್ಟೋಬರ್ 27ರಂದು ವೆಟಲ್ ಬುದ್ಧ ಸರ್ಕ್ಯೂಟ್‌ನಲ್ಲಿ ಮೂರನೆಯ ಸಲ ಗೆದ್ದು ನಾಲ್ಕನೆಯ ಚಾಂಪಿಯನ್ ಪಟ್ಟ ಗಳಿಸಿದಾಗ ನಿಯಮ ಮೀರಿ ಗಾಡಿಯನ್ನು ಗರಗರ ತಿರುಗಿಸಿ, ಕೆಳಗಿಳಿದು, ಮಂಡಿಯೂರಿ ಅದಕ್ಕೆ ನಮಸ್ಕರಿಸಿದ. ತಂಡಕ್ಕೆ 25,000 ಯೂರೊ ದಂಡ ಬಿತ್ತು. ಅಲ್ಲಿದ್ದ ಭಾರತದ ಜನ ಎದ್ದು ನಿಂತು ಕೂಗಿದರು, ಅವಮಾನಕ್ಕಲ್ಲ, ಹುರುಪಿಗೆ. ಗೆದ್ದ ಎತ್ತಿನ ಕಾಲು ಮುಟ್ಟುವುದನ್ನು ಕಂಡ ದೇಶದ ಜನಕ್ಕೆ ಆ ನಮಸ್ಕಾರದ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಕೊನೆ. ತೆರಿಗೆಯ ತಕರಾರು, ಇದು ಕ್ರೀಡೆಯೋ ಮನರಂಜನೆಯೋ ಎಂಬ ವಾದ, ಹಣದ ಅಡಚಣೆ ಎಲ್ಲ ಸೇರಿ 2014ರಿಂದ ಫಾರ್ಮುಲಾ ಒನ್ ಇಲ್ಲಿಗೆ ಬರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಮೋಟೊ ಜಿಪಿ ಬೈಕುಗಳು ಅಲ್ಲಿ ಓಡಿದವು, ಮಾರ್ಕೊ ಬೆಜೆಕಿ ಗೆದ್ದ.

ಒಳ್ಳೆಯ ಕಣವೂ ಸಪ್ಪಗಾಗುವುದುಂಟು ಎಂಬುದಕ್ಕೆ ಸುಜುಕಾ ಸಾಕ್ಷಿ. 1962ರಲ್ಲಿ ಡಚ್ಚರ ಜಾನ್ ಹ್ಯೂಗೆನ್‌ಹೋಲ್ಟ್ಸ್ ರೂಪಿಸಿದ ಜಪಾನಿನ ಆ ಕಣ ಇಂಗ್ಲಿಷಿನ ಎಂಟರ ಆಕಾರದಲ್ಲಿದೆ, ದಾರಿ ತನ್ನ ಮೇಲೆಯೇ ಸೇತುವೆಯಾಗಿ ದಾಟುತ್ತದೆ. ಬಹಳ ಡ್ರೈವರುಗಳಿಗೆ ಅದು ಪ್ರೀತಿಯ ಜಾಗ. 2025ರ ಏಪ್ರಿಲ್ 6ರಂದು ಅಲ್ಲಿ ಮೊದಲ ಆರು ಮಂದಿ ಹೊರಟ ಕ್ರಮದಲ್ಲೇ ಮುಗಿಸಿದರು. ಒಂದು ಭಾಗಕ್ಕೆ ಹೊಸ ಡಾಂಬರು ಹಾಕಿದ್ದರಿಂದ ಟೈರು ಸವೆಯಲಿಲ್ಲ. ಟೈರು ಸವೆಯದಿದ್ದರೆ ಯಾರೂ ಸೋಲುವುದಿಲ್ಲ, ಯಾರೂ ಸೋಲದಿದ್ದರೆ ಯಾರೂ ದಾಟುವುದಿಲ್ಲ.

ನಮ್ಮ ಮೆಕ್ಯಾನಿಕ್ ಹೇಳಿದ್ದು ಇಲ್ಲಿ ಬರುತ್ತದೆ. ಫಾರ್ಮುಲಾ ಒನ್ ಗಾಡಿಯ ಅಗಲ 2017ರಲ್ಲಿ 1.8 ಮೀಟರಿನಿಂದ 2 ಮೀಟರಿಗೆ ಏರಿತು. ಉದ್ದ ಐದೂವರೆ ಮೀಟರಿನಷ್ಟಾಯಿತು. 1929ರ ಬೀದಿ, 1962ರ ಕಣ ಅದಕ್ಕೆ ತಕ್ಕಂತೆ ಅಗಲವಾಗಲಿಲ್ಲ, ಗಾಡಿ ಮಾತ್ರ ಬೆಳೆಯಿತು. ಅದಕ್ಕಿಂತ ದೊಡ್ಡ ತೊಡಕು ಗಾಳಿಯದು. ಈ ಗಾಡಿಗಳು ರೆಕ್ಕೆಗಳಿಂದ ಗಾಳಿಯನ್ನು ಹಿಡಿದು ತಮ್ಮನ್ನು ನೆಲಕ್ಕೆ ಒತ್ತಿಕೊಂಡು ತಿರುವಿನಲ್ಲಿ ನಿಲ್ಲುತ್ತವೆ. ಮುಂದಿನ ಗಾಡಿ ಹಾದುಹೋದ ಮೇಲೆ ಆ ಗಾಳಿ ಕದಡಿ ಸುರುಳಿಯಾಗುತ್ತದೆ. ಹಿಂದಿನವನ ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಟೈರು ಜಾರಿ ಕಾಯುತ್ತದೆ, ಅವನು ಹಿಂದೆ ಸರಿಯಲೇಬೇಕು. ಟಿವಿಯಲ್ಲಿ ನೋಡುವವನಿಗೆ ಅವನು ಅಂಜಿದ ಹಾಗೆ ಕಾಣುತ್ತದೆ. ಅವನು ಅಂಜಿಲ್ಲ, ಅವನ ಕಾಲ ಕೆಳಗಿನ ನೆಲವೇ ಹಿಡಿತ ಬಿಟ್ಟಿರುತ್ತದೆ. 2011ರಲ್ಲಿ ಹಿಂದಿನವನಿಗೆ ಸಹಾಯವಾಗಲೆಂದು ರೆಕ್ಕೆಯ ಹಲಗೆ ತೆರೆಯುವ ಡಿಆರ್‌ಎಸ್ ತಂದರು, 2022ರಲ್ಲಿ ಗಾಡಿಯ ತಳದಿಂದಲೇ ನೆಲ ಹಿಡಿಯುವ ವಿನ್ಯಾಸ ತಂದರು. ಸ್ವಲ್ಪ ಮೇಲಾಯಿತು, ತಂಡಗಳ ಜಾಣತನದಲ್ಲಿ ಮತ್ತೆ ಕೆಟ್ಟಿತು. 2026ರ ನಿಯಮದಲ್ಲಿ ಗಾಡಿಯ ಅಗಲವನ್ನು 1.9 ಮೀಟರಿಗೆ ಇಳಿಸಿ ಡಿಆರ್‌ಎಸ್ ತೆಗೆದುಹಾಕಿದ್ದಾರೆ. ಹತ್ತು ಸೆಂಟಿಮೀಟರು ಕಡಿಮೆ. ಮೊನಾಕೊಗೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ.

ಸಪ್ಪೆ ಡ್ರೈವರ್ ಎಂದು ಬೈಸಿಕೊಂಡ ಅದೇ ವೆರ್ಸ್ಟಾಪನ್ 2024ರ ನವೆಂಬರ್ 3ರಂದು ಬ್ರೆಜಿಲಿನ ಇಂಟರ್‌ಲಾಗೋಸ್‌ನಲ್ಲಿ, ಸುರಿಯುವ ಮಳೆಯಲ್ಲಿ, ಹದಿನೇಳನೆಯ ಸ್ಥಾನದಿಂದ ಹೊರಟು ಗೆದ್ದ. ಇಂಟರ್‌ಲಾಗೋಸ್ 1940ರ ಕಣ, ಕೇವಲ 4.309 ಕಿಲೋಮೀಟರು. ಏರಿಳಿತದ ನೆಲ, ಮೊದಲ ತಿರುವಿಗೆ ಅಗಲವಾದ ಇಳಿಜಾರು, ಉದ್ದಕ್ಕೂ ಏರುವ ನೇರ ದಾರಿ. ಡ್ರೈವರ್ ಬದಲಾಗಿರಲಿಲ್ಲ.

ಮಳೆಯ ಮಾತು ಬಂದಾಗ ಸ್ಪಾ ನೆನಪಾಗುತ್ತದೆ. 2021ರ ಆಗಸ್ಟ್ 29ರಂದು ಅಲ್ಲಿ ಜನ ತಾಸುಗಟ್ಟಲೆ ಮಳೆಯಲ್ಲಿ ಕಾದರು. ಕೊನೆಗೆ ಸುರಕ್ಷತಾ ಕಾರಿನ ಹಿಂದೆ ಗಾಡಿಗಳು ಮೆಲ್ಲಗೆ ಕೆಲವು ಸುತ್ತು ಹಾಕಿದವು, ಒಂದು ಸುತ್ತಿನ ಲೆಕ್ಕ ಹಿಡಿದು ಅರ್ಧ ಅಂಕ ಹಂಚಿದರು. ಮಳೆಯಲ್ಲಿ ಓಡಿಸದೇ ಇದ್ದದ್ದು ಸರಿ, ಡ್ರೈವರ ಜೀವ ದೊಡ್ಡದು. ಆದರೆ ಓಟ ನಡೆಯಲಿಲ್ಲ ಎಂದು ಹೇಳಬೇಕಿತ್ತು. ನಮ್ಮ ಎರೆ ಹೊಲದಲ್ಲಿ ಮಳೆ ಬಿದ್ದರೆ ಗಾಲಿಗೆ ಮಣ್ಣು ಮೆತ್ತಿ ಗಾಡಾ ಕದಲುವುದಿಲ್ಲ. ಆಗ ಓಟ ಮುಂದಕ್ಕೆ ಹಾಕುತ್ತಾರೆ, ಬಹುಮಾನ ಹಂಚುವುದಿಲ್ಲ. ಸ್ಪಾದ ನಂತರ ಜಗತ್ತಿನ ಆಡಳಿತದವರೂ ಅಂಕದ ನಿಯಮ ತಿದ್ದಿದರು.

ಕರ್ನಾಟಕದ ಮಾತಿಗೆ ಬಂದರೆ ಬೇಸರವೂ ಇದೆ, ಆಸೆಯೂ ಇದೆ. ಕುಶ್ ಮೈನಿ, ಅವನ ಅಣ್ಣ ಅರ್ಜುನ್ ಮೈನಿ, 2015ರಲ್ಲಿ ಡಕಾರ್ ಮರುಭೂಮಿ ಓಟಕ್ಕೆ ಇಳಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ, ಎಲ್ಲರೂ ಬೆಂಗಳೂರಿನವರು. ಇಷ್ಟು ಮಂದಿಯನ್ನು ಕೊಟ್ಟ ರಾಜ್ಯದಲ್ಲಿ ಕಾರ್ಟಿಂಗ್ ಟ್ರ್ಯಾಕುಗಳಿವೆ, ಫಾರ್ಮುಲಾ ಗಾಡಿ ಓಡುವ ಶಾಶ್ವತ ಸರ್ಕ್ಯೂಟ್ ಇಲ್ಲ. ತಮಿಳುನಾಡಿನಲ್ಲಿ ಇರುಂಗಾಟ್ಟುಕೋಟ್ಟೈ ಸರ್ಕ್ಯೂಟ್ ಇದೆ, ಅಲ್ಲಿನ ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ. ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರ ಫೆಬ್ರುವರಿ 11ರಂದು ಫಾರ್ಮುಲಾ ಇ ನಡೆಯಿತು, ಮರುವರ್ಷವೇ ನಿಂತಿತು. ಚೆನ್ನೈ 2024ರ ಆಗಸ್ಟ್ ಕೊನೆಗೆ ಊರ ಬೀದಿಯಲ್ಲಿ ರಾತ್ರಿ ಓಟ ನಡೆಸಿತು. ಬೀದಿ ಓಟದಲ್ಲಿ ಊರಿಗೆ ಹಬ್ಬ ಬರುತ್ತದೆ, ಓಟಗಾರನಿಗೆ ಅಭ್ಯಾಸದ ಜಾಗ ಉಳಿಯುವುದಿಲ್ಲ. ತಡೆಗಳನ್ನು ಕಿತ್ತ ಮರುದಿನ ಅಲ್ಲಿ ಬಸ್ಸು ಓಡುತ್ತಿರುತ್ತದೆ.

ನಮ್ಮಲ್ಲಿ ಒಂದು ಕಣ ಆಗುವುದಾದರೆ ಎಂದು ಯೋಚಿಸಿದಾಗ ಒಂದು ಮಾತು ಖಂಡಿತ. ಅಣ್ಣಿಗೇರಿಯ ಎರೆ ನೆಲ ಅದಕ್ಕೆ ಒಗ್ಗುವುದಿಲ್ಲ. ಮಳೆಗೆ ಹಿಗ್ಗಿ ಬಿಸಿಲಿಗೆ ಬಾಯಿ ಬಿಡುವ ಮಣ್ಣಿನ ಮೇಲೆ ಸಾದಾ ರಸ್ತೆಯೇ ನಿಲ್ಲುವುದು ಕಷ್ಟ, ಒಂದು ಬೆರಳು ಏರುಪೇರಾದರೂ ತಡೆಯದ ಗಾಡಿಗೆ ಅದು ಸಲ್ಲ. ಗಟ್ಟಿ ನೆಲ ಇರುವಲ್ಲಿ, ಏರಿಳಿತ ಇರುವಲ್ಲಿ ಆಗಲಿ. ಹೊಸ ಕಣಕ್ಕೆ ಕನಿಷ್ಠ 12 ಮೀಟರು ಅಗಲ ಬೇಕೆಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ, ಅಷ್ಟರಲ್ಲೇ ನಿಲ್ಲಿಸದೆ ಬ್ರೇಕ್ ಹಾಕುವ ಜಾಗಗಳನ್ನು ಬುದ್ಧ ಸರ್ಕ್ಯೂಟ್‌ನ ಮೂರನೆಯ ತಿರುವಿನಂತೆ ಅಗಲ ಬಿಡಬೇಕು. ವರ್ಷಕ್ಕೊಂದು ದೊಡ್ಡ ಓಟಕ್ಕಷ್ಟೇ ಬಾಗಿಲು ತೆರೆದರೆ ಧೂಳೇ ಗೆಲ್ಲುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನ ಎಂಜಿನಿಯರಿಂಗ್ ಹುಡುಗರು ತಾವೇ ಕಟ್ಟಿದ ಗಾಡಿಗಳನ್ನು ತಂದು ವಾರವಾರ ಓಡಿಸುವಂತಿರಬೇಕು. ನೋಡುವವನಿಗೂ ಜಾಗ ಬೇಕು. 2011ರಲ್ಲಿ ಬುದ್ಧ ಸರ್ಕ್ಯೂಟ್‌ನ ಅತಿ ಅಗ್ಗದ ಟಿಕೆಟ್ 2,500 ರೂಪಾಯಿ ಇತ್ತು, ಕೂತವನಿಗೆ ಒಂದೆರಡು ತಿರುವು ಮಾತ್ರ ಕಾಣುತ್ತಿತ್ತು. ಮಣ್ಣಿನ ದಿಬ್ಬ ಹಾಕಿ ಹುಲ್ಲು ಬೆಳೆಸಿದರೆ ಮಕ್ಕಳು, ಮುದುಕರು ಕೂತು ಅರ್ಧ ಕಣವನ್ನಾದರೂ ಒಂದೇ ನೋಟಕ್ಕೆ ನೋಡಬಹುದು. ಅದಕ್ಕೆ ಹೆಚ್ಚು ಹಣ ಬೇಡ, ನಕ್ಷೆ ಬರೆಯುವ ದಿನವೇ ನೋಡುವವನ ಕಣ್ಣು ನೆನಪಿರಬೇಕು ಅಷ್ಟೇ.

ನಮ್ಮ ಗಾಡಾ ಓಟ ನಡೆಸುವವರಿಗೂ ಒಂದು ಮಾತು ಹೇಳಬೇಕಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಇಂಥ ಸ್ಪರ್ಧೆಗಳಿಗೆ ತಡೆ ಹಾಕಿದ ಮೇಲೆ ಕರ್ನಾಟಕ ತಿದ್ದುಪಡಿ ಕಾಯಿದೆ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಕೋರ್ಟು ಅದನ್ನು ಎತ್ತಿಹಿಡಿಯಿತು. ಹಿಂಸೆ ಇರಬಾರದು ಎಂಬ ಷರತ್ತಿನ ಮೇಲೆಯೇ ಈ ಅನುಮತಿ ನಿಂತಿದೆ. ಎತ್ತಿಗೆ ಮೊಳೆ ಚುಚ್ಚುವವನನ್ನು ಕಣದಿಂದಲೇ ಹೊರಗೆ ಹಾಕಿ. ಜನ ಪಟ್ಟಿಯ ಅಂಚಿಗೇ ಬಂದು ನಿಲ್ಲುತ್ತಾರೆ, ಗಾಡಾ ಓರೆಯಾದರೆ ಅವರ ಮೈಮೇಲೇ ಬರುತ್ತದೆ. ಎರಡೂ ಬದಿ ಹಗ್ಗ ಕಟ್ಟಿ, ಹಗ್ಗದಿಂದ ಪಟ್ಟಿಗೆ ಹತ್ತಿಪ್ಪತ್ತು ಹೆಜ್ಜೆ ಬಿಡಿ, ಚಿಕ್ಕ ಮಕ್ಕಳನ್ನು ಹಿಂದೆ ನಿಲ್ಲಿಸಿ. ಕಣ ಹಸನು ಮಾಡುವ ದಿನವೇ ಈ ಕೆಲಸವನ್ನೂ ಮುಗಿಸಿ, ಓಟದ ದಿನ ಸೀಟಿ ಊದಿದ ಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.